ಸೋನಿಯ ಔತಣ ಮತ್ತು ಹಂದಿ ಸಾಕಿದವರ ಲೆಕ್ಕ

ಮಾನವಶಾಸ್ತ್ರವನ್ನು ಪರೀಕ್ಷೆಗೆಂದು ಓದಿದವರಿಗೆಲ್ಲ ಒಂದು ಪ್ರಶ್ನೆ ಚಿರಪರಿಚಿತ: ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ಮೆಲನೇಷ್ಯಾದ ‘ದೊಡ್ಡ ಮನುಷ್ಯ’ನಿಗೂ ಅದರ ಪೂರ್ವಕ್ಕಿರುವ ಪಾಲಿನೇಷ್ಯಾದ ಮುಖ್ಯಸ್ಥನಿಗೂ ಏನು ವ್ಯತ್ಯಾಸ? ಉತ್ತರವೂ ಬಾಯಿಪಾಠವಾಗಿರುತ್ತದೆ. ಮೊದಲನೆಯವನು ಹಂದಿ ಸಾಕಿ, ಔತಣ ಹಾಕಿಸಿ, ಮಾತಿನ ಬಲದಿಂದ ಜನರನ್ನು ಸೇರಿಸಿ ತನ್ನ ಸ್ಥಾನವನ್ನು ತಾನೇ ಗಳಿಸುತ್ತಾನೆ. ಎರಡನೆಯವನಿಗೆ ಸ್ಥಾನ ವಂಶದಿಂದ ಬರುತ್ತದೆ. ಈ ಉತ್ತರದ ಮೂಲ ಅಮೆರಿಕನ್ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಹ್ಲಿನ್ಸ್ 1963ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಆದರೆ ಸಾಹ್ಲಿನ್ಸ್ ‘ದೊಡ್ಡ ಮನುಷ್ಯ’ರ ಊರುಗಳಲ್ಲಿ ಇದ್ದು ಅಧ್ಯಯನ ಮಾಡಿದವರಲ್ಲ. ಅವರ ಕ್ಷೇತ್ರಕಾರ್ಯ ನಡೆದದ್ದು ಫಿಜಿಯ ಮೊಆಲಾ ದ್ವೀಪದಲ್ಲಿ. ಪ್ರಬಂಧಕ್ಕೆ ಜೀವ ತುಂಬುವ ವಿವರಗಳಲ್ಲಿ ದೊಡ್ಡ ಪಾಲು ಮತ್ತೊಬ್ಬ ಅಮೆರಿಕನ್ ಮಾನವಶಾಸ್ತ್ರಜ್ಞ ಡಗ್ಲಸ್ ಆಲಿವರ್ ಅವರದು. ಆಲಿವರ್ 1938–39ರಲ್ಲಿ ಬೂಗನ್‌ವಿಲ್ ದ್ವೀಪದ ದಕ್ಷಿಣದ ಬಯಲಿನಲ್ಲಿ ಸಿವಾಯಿ ಜನರೊಂದಿಗಿದ್ದು ಸಂಗ್ರಹಿಸಿದ ಸಾಮಗ್ರಿ 1955ರಲ್ಲಿ ದಪ್ಪನೆಯ ಗ್ರಂಥವಾಗಿ ಬಂದಿತು. ಪ್ರಬಂಧವನ್ನು ಓದಿದವರು ಸಾವಿರಾರು. ಗ್ರಂಥವನ್ನು ಪೂರ್ತಿ ಓದಿದವರು ಅದಕ್ಕಿಂತ ಬಹಳ ಕಡಿಮೆ ಇರಬೇಕು. ಈ ಎರಡರ ನಡುವೆ ಕಳೆದುಹೋದದ್ದು ಏನು ಎಂಬುದು ಕೆಲವು ಕಾಲದಿಂದ ನನ್ನ ತಲೆಯಲ್ಲಿದ್ದ ಪ್ರಶ್ನೆ.

ನನಗೆ ಹೊಳೆದದ್ದು ಇಷ್ಟು. ಸಿವಾಯಿ ನಾಯಕನ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಅವನು ಸ್ಥಾನವನ್ನು ಗಳಿಸಿದನೋ ಪಡೆದನೋ ಎಂಬುದಲ್ಲ. ಅವನು ಹಂಚಿದ ಹಂದಿಗಳನ್ನು ಸಾಕಿದವರು ಯಾರು, ಅವರು ಸಾಕುವುದನ್ನು ನಿಲ್ಲಿಸಿದರೆ ಅವನ ಗತಿಯೇನು ಎಂಬುದು. ಮೆಲನೇಷ್ಯಾದ ಹಳೆಯ ನಾಯಕತ್ವವನ್ನೂ ಇಂದಿನ ರಾಜಕಾರಣವನ್ನೂ ಬೇರೆ ಮಾಡಿ ನೋಡಲು ಈ ಪ್ರಶ್ನೆಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ನ್ಯೂಗಿನಿಯಿಂದ ಸೊಲೊಮನ್ ದ್ವೀಪಗಳು, ವನುವಾಟು, ನ್ಯೂ ಕ್ಯಾಲೆಡೋನಿಯಾಗಳನ್ನು ದಾಟಿ ಫಿಜಿಯವರೆಗೆ ಹರಡಿರುವ ದ್ವೀಪಸಮೂಹಕ್ಕೆ ಮೆಲನೇಷ್ಯಾ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರೆಂಚ್ ನಾವಿಕ ದ್ಯುಮೋಂ ದ್ಯುರ್ವಿಲ್, 1832ರಲ್ಲಿ. ಜನರ ಮೈಬಣ್ಣವನ್ನು ನೋಡಿ ಎಳೆದ ಗೆರೆ ಅದು. ಅದರೊಳಗೆ ಒಂದೇ ಬಗೆಯ ರಾಜಕೀಯ ವ್ಯವಸ್ಥೆ ಇರಬೇಕೆಂದು ನಿರೀಕ್ಷಿಸುವುದಕ್ಕೆ ಕಾರಣವೇ ಇರಲಿಲ್ಲ. ಬೂಗನ್‌ವಿಲ್ ಭೌಗೋಳಿಕವಾಗಿ ಸೊಲೊಮನ್ ದ್ವೀಪಮಾಲೆಗೆ ಸೇರಿದ್ದು, ಆಡಳಿತದಲ್ಲಿ ಪಾಪುವಾ ನ್ಯೂಗಿನಿಗೆ ಸೇರಿದ್ದು. ಆಲಿವರ್ ಅಲ್ಲಿಗೆ ಹೋದಾಗ ಅದು ಜರ್ಮನರ ಕೈಯಿಂದ 1914ರಲ್ಲಿ ಆಸ್ಟ್ರೇಲಿಯದ ಕೈಗೆ ಬಂದಿದ್ದ ಪ್ರದೇಶವಾಗಿತ್ತು.

ಸಿವಾಯಿ ಜನರ ಬದುಕು ಕೆಸುವಿನ ಗಡ್ಡೆಯ ಮೇಲೆ ನಿಂತಿತ್ತು. ಕಾಡು ಕಡಿದು ಸುಟ್ಟು, ಬೇಲಿ ಕಟ್ಟಿ ಕೆಸು ನೆಡುವುದು. ಅದನ್ನು ತಾವೂ ತಿಂದು ಹಂದಿಗಳಿಗೂ ಹಾಕುವುದು. ಕುಲ ತಾಯಿಯ ಕಡೆಯಿಂದ ಎಣಿಕೆಯಾಗುತ್ತಿತ್ತು. ನಾಯಕನನ್ನು ಅವರು ಕರೆಯುತ್ತಿದ್ದದ್ದು ‘ಮುಮಿ’ ಎಂದು. ಮುಮಿಯಾಗಬೇಕೆಂದು ಹಂಬಲಿಸುವ ತರುಣನ ದಾರಿಯನ್ನು ಆಲಿವರ್ ತಾಳ್ಮೆಯಿಂದ ದಾಖಲಿಸಿದ್ದಾರೆ. ಅವನು ಮದುವೆಯಾಗಿ, ಎಲ್ಲರಿಗಿಂತ ದೊಡ್ಡ ತೋಟ ಮಾಡುತ್ತಾನೆ. ಮಾಂಸವನ್ನೂ ತೆಂಗಿನಕಾಯಿಯನ್ನೂ ತಾನು ತಿನ್ನುವುದನ್ನು ಕಡಿಮೆ ಮಾಡುತ್ತಾನೆ. ಹೆಂಡತಿ, ಮಕ್ಕಳು, ಹತ್ತಿರದ ನೆಂಟರು ಅವನ ಜೊತೆ ದುಡಿಯುತ್ತಾರೆ. ಹಂದಿಗಳು ಹೆಚ್ಚಾದಂತೆ ಅವನ್ನು ಬಂಧುಗಳ ಮನೆಗಳಲ್ಲಿ ಸಾಕಲು ಬಿಡುತ್ತಾನೆ. ಕೊನೆಗೆ ಗಂಡಸರಿಗೆಂದು ಒಂದು ಚಾವಡಿ ಕಟ್ಟಿಸುತ್ತಾನೆ. ಕಟ್ಟಲು ಬಂದವರಿಗೆ ಊಟ ಹಾಕಬೇಕು. ದಿಮ್ಮಿಗಳನ್ನು ಟೊಳ್ಳಾಗಿ ಕೊರೆದು ಮಾಡಿದ ಭಾರಿ ನಗಾರಿಗಳನ್ನು ಕಾಡಿನಿಂದ ಹೊತ್ತು ತಂದವರಿಗೆ ಮತ್ತೊಮ್ಮೆ ಊಟ ಹಾಕಬೇಕು. ಚಾವಡಿಗೊಂದು ಭೂತವೂ ಇರುತ್ತದೆ, ‘ಹೊರೊಮೊರುನ್’ ಎಂದು ಅದರ ಹೆಸರು. ಹಂದಿಗಳ ಬಲಿಯಿಂದ ತೃಪ್ತಿ ಹೊಂದುವ ಅದು ಹೆಸರುಳ್ಳ ಮುಮಿಯ ಬೆನ್ನಿಗಿರುತ್ತದೆ ಎಂಬ ನಂಬಿಕೆ.

ಆ ಹೊತ್ತಿಗೆ ಈ ದಾರಿಯ ತುದಿ ಮುಟ್ಟಿದ್ದವನು ಸೋನಿ ಎಂಬ ಮುಮಿ. 1939ರ ಜನವರಿ 10ರಂದು ಅವನು ಕೊಟ್ಟ ಔತಣ ಮಾನವಶಾಸ್ತ್ರದ ಸಾಹಿತ್ಯದಲ್ಲಿ ಮತ್ತೆಮತ್ತೆ ಉಲ್ಲೇಖಗೊಂಡಿದೆ. ಸುಮಾರು 1,100 ಜನ ಬಂದಿದ್ದರು. 32 ಹಂದಿಗಳನ್ನೂ, ಸಾಗೋ ಮರದ ತಿರುಳಿನ ಹಿಟ್ಟಿಗೆ ಬಾದಾಮಿಯಂಥ ಕಾಡುಬೀಜ ಬೆರೆಸಿ ಮಾಡಿದ ಸಿಹಿಯನ್ನು ರಾಶಿಗಟ್ಟಲೆಯಾಗಿಯೂ ಹಂಚಲಾಯಿತು. ಸೋನಿಗೂ ಅವನ ಆಪ್ತ ಬೆಂಬಲಿಗರಿಗೂ ತಿನ್ನಲು ಏನೂ ಉಳಿಯಲಿಲ್ಲ. ತಾವು ಸೋನಿಯ ಕೀರ್ತಿಯನ್ನೇ ಉಣ್ಣುವುದಾಗಿ ಬೆಂಬಲಿಗರು ಹೇಳಿಕೊಂಡರಂತೆ. ಔತಣದ ಮುಖ್ಯ ಅತಿಥಿ ಸಾಮಾನ್ಯವಾಗಿ ಎದುರಾಳಿ ಮುಮಿಯೇ. ಕೊಟ್ಟದ್ದಕ್ಕೆ ಅವನು ಮುಯ್ಯಿ ತೀರಿಸಬೇಕು. ಸಮಸಮ ಹಿಂದಿರುಗಿಸಿದರೆ ಪೈಪೋಟಿ ಅಲ್ಲಿಗೆ ನಿಲ್ಲಬಹುದು. ಹೆಚ್ಚು ಹಿಂದಿರುಗಿಸಿದರೆ ಮತ್ತೆ ಸವಾಲು. ತೀರಿಸಲಾಗದೆ ಹೋದರೆ ಸುತ್ತಲಿನ ಊರುಗಳಲ್ಲೆಲ್ಲ ಮಾನಹಾನಿ.

ಈ ವಿವರಣೆಯಲ್ಲಿ ಓದುಗನ ಕಣ್ಣು ಸಹಜವಾಗಿಯೇ ಸೋನಿಯ ಮೇಲೆ ಹೋಗುತ್ತದೆ. ಹಸಿದುಕೊಂಡು ಹಂಚುವ ನಾಯಕ ಎಂಬ ಚಿತ್ರಕ್ಕೆ ಆಕರ್ಷಣೆ ಇದೆ. ಆದರೆ 32 ಹಂದಿಗಳನ್ನು ಸೋನಿ ಒಬ್ಬನೇ ಸಾಕಿರಲಿಲ್ಲ. ಪ್ರತಿಯೊಂದು ಹಂದಿಯ ಹಿಂದೆ ದಿನವೂ ತೋಟದಿಂದ ಕೆಸು ಕಿತ್ತು, ಹೊತ್ತು ತಂದು, ಬೇಯಿಸಿ ಹಾಕಿದ ಯಾರದೋ ದುಡಿಮೆ ಇತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ಚಾವಡಿಯೊಳಗೆ ಪ್ರವೇಶವೂ ಇರಲಿಲ್ಲ. ನ್ಯೂಗಿನಿಯ ದಕ್ಷಿಣ ಕರಾವಳಿಯ ಕಿವಾಯಿ ಜನರ ನಡುವೆ 1910ರ ದಶಕದ ಆರಂಭದಲ್ಲಿ ಕೆಲಸ ಮಾಡಿದ ಫಿನ್ಲೆಂಡಿನ ಗುನ್ನಾರ್ ಲಾಂಡ್ಟ್‌ಮನ್ ದಾಖಲಿಸಿದ ಒಂದು ಮಾತನ್ನು ಸಾಹ್ಲಿನ್ಸ್ ಕೂಡ ಎತ್ತಿಕೊಳ್ಳುತ್ತಾರೆ. ಒಬ್ಬ ಹೆಂಡತಿ ತೋಟಕ್ಕೆ ಹೋಗುತ್ತಾಳೆ, ಒಬ್ಬಳು ಸೌದೆಗೆ, ಒಬ್ಬಳು ಮೀನಿಗೆ, ಇನ್ನೊಬ್ಬಳು ಅಡುಗೆ ಮಾಡುತ್ತಾಳೆ. ಗಂಡನಾದವನು ಎಲ್ಲರನ್ನೂ ಊಟಕ್ಕೆ ಕೂಗುತ್ತಾನೆ ಎಂಬ ಅರ್ಥದ ಮಾತು ಅದು. ನಾಯಕತ್ವದ ಆರ್ಥಿಕತೆಯನ್ನು ಇಷ್ಟು ಸಂಕ್ಷಿಪ್ತವಾಗಿ ಹೇಳಿದ ವಿದ್ವಾಂಸರನ್ನು ನಾನು ಕಾಣೆ.

ಸಾಹ್ಲಿನ್ಸ್ ಅವರ ಪ್ರಬಂಧದಲ್ಲಿ ನಿಜವಾಗಿಯೂ ಬಾಳುವ ಒಳನೋಟ ಇಲ್ಲಿಯೇ ಇದೆ, ಆದರೆ ಪಠ್ಯಪುಸ್ತಕಗಳು ಅದನ್ನೇ ಬಿಟ್ಟುಬಿಡುತ್ತವೆ. ನಾಯಕನ ಹೆಸರು ಹೊರಗಿನ ಊರುಗಳಲ್ಲಿ ಬೆಳೆಯಬೇಕಾದರೆ ಅವನು ಹೊರಗಿನವರಿಗೆ ಕೊಡಬೇಕು. ಹೊರಗಿನವರಿಗೆ ಕೊಡಬೇಕಾದರೆ ತನ್ನವರಿಂದ ಹೆಚ್ಚು ಎತ್ತಬೇಕು. ತನ್ನವರಿಗೆ ಸಲ್ಲಬೇಕಾದ ಪ್ರತಿಫಲವನ್ನು ಮುಂದೂಡಬೇಕು. ಒಂದು ಮಿತಿ ದಾಟಿದರೆ ಬೆಂಬಲಿಗರು ಮೆಲ್ಲನೆ ಕೈಬಿಟ್ಟು ಮತ್ತೊಬ್ಬನ ಕಡೆ ಸರಿಯುತ್ತಾರೆ. ಅತಿಯಾದಾಗ ನಾಯಕನನ್ನು ಕೊಂದ ಪ್ರಸಂಗಗಳೂ ನ್ಯೂಗಿನಿಯ ಪಶ್ಚಿಮ ಭಾಗದಿಂದ ವರದಿಯಾಗಿವೆ. ಅಂದರೆ ಬೆಳವಣಿಗೆಯ ದಾರಿಯಲ್ಲೇ ಕುಸಿತವೂ ಇದೆ. ಮುಮಿಯ ಕೈಯಲ್ಲಿ ಪೊಲೀಸರಿಲ್ಲ, ತೆರಿಗೆಯಿಲ್ಲ, ಆಜ್ಞೆ ಮಾಡುವ ಹಕ್ಕಿಲ್ಲ. ಕೊಡುಗೈ ದೊರೆ ಎನಿಸಿಕೊಂಡವನ ಜುಟ್ಟು ಕೆಸುವಿನ ತೋಟದಲ್ಲಿ ಬಗ್ಗಿ ದುಡಿಯುವವರ ಕೈಯಲ್ಲಿರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚಿತ್ರ ಸುಂದರವಾಗಿಯೇ ಇರುತ್ತಿತ್ತು. ಆದರೆ ಆಲಿವರ್ ಅವರ ಗ್ರಂಥದಲ್ಲೇ ಇದನ್ನು ಕದಡುವ ಸಂಗತಿಗಳಿವೆ. ಊರಿನ ಮುದುಕರು ಅವರಿಗೆ ಬೇರೆಯದೇ ಕಾಲದ ಮುಮಿಗಳ ಕಥೆ ಹೇಳಿದ್ದರು. ಆ ಮುಮಿಗಳು ಯುದ್ಧನಾಯಕರು. ಅವರ ಚಾವಡಿಯಲ್ಲಿ ಯೋಧರು ಇರುತ್ತಿದ್ದರು, ಅನೇಕ ಹೆಂಡಿರಿರುತ್ತಿದ್ದರು, ಸೆರೆಸಿಕ್ಕವರನ್ನು ತೋಟದ ಕೆಲಸಕ್ಕೆ ಹಚ್ಚುವುದಿತ್ತು, ಮಾತು ಮೀರಿದವರನ್ನು ದಂಡಿಸುವ ಶಕ್ತಿಯೂ ಇತ್ತು. ವಸಾಹತು ಆಡಳಿತ ಬಂದು ಕಾದಾಟವನ್ನು ನಿಷೇಧಿಸಿದ ಮೇಲೆ ಹೆಸರು ಗಳಿಸಲು ಉಳಿದ ಮುಖ್ಯ ಅಖಾಡ ಔತಣವೊಂದೇ. ಜೊತೆಗೆ ಸರಕಾರವು ಹಳ್ಳಿಗೊಬ್ಬ ಮುಖಂಡನನ್ನು ನೇಮಿಸಿ, ಅವನ ತಲೆಗೆ ಅಧಿಕಾರದ ಗುರುತಾಗಿ ಟೋಪಿ ಇಡುತ್ತಿತ್ತು. ತಲೆಗಂದಾಯ ಎತ್ತುವುದು, ದಾರಿ ಸವರಿಸುವುದು, ತಕರಾರುಗಳನ್ನು ಅಧಿಕಾರಿಯ ಮುಂದೆ ಒಯ್ಯುವುದು ಟೋಪಿಯವನ ಕೆಲಸ. ಅವನೇ ಮುಮಿಯಾಗಿರಬೇಕೆಂದೇನೂ ಇರಲಿಲ್ಲ. ಹೀಗೆ ದಂಡಿಸುವ ಅಧಿಕಾರ ಒಂದು ಕಡೆಗೂ ಕೀರ್ತಿ ಇನ್ನೊಂದು ಕಡೆಗೂ ಹೋದ ಕಾಲದ ಮುಮಿಯನ್ನು ಆಲಿವರ್ ಕಂಡರು. ಒತ್ತಾಯ ಮಾಡಲಾಗದ, ಒಲಿಸಿಕೊಂಡೇ ಬಾಳಬೇಕಾದ ನಾಯಕನನ್ನು ಇಡೀ ಮೆಲನೇಷ್ಯಾದ ಸನಾತನ ಮಾದರಿ ಎಂದು ಪಾಠ ಹೇಳುವಾಗ, ಆ ನಾಯಕನ ಕೈಯಿಂದ ಈಟಿ ಕಿತ್ತುಕೊಂಡದ್ದು ಆಸ್ಟ್ರೇಲಿಯದ ಆಡಳಿತ ಎಂಬುದನ್ನು ಮರೆಯುವ ಹಾಗಿಲ್ಲ.

ಇನ್ನೂ ಸೋಜಿಗದ ಸಂಗತಿ ಪಕ್ಕದ ಸೀಮೆಯದು. ಸಿವಾಯಿಯ ಆಗ್ನೇಯಕ್ಕೆ ಬೂಯಿನ್ ಜನರಿದ್ದಾರೆ. ಅಲ್ಲಿ ಜರ್ಮನ್ ವಿದ್ವಾಂಸ ರಿಚರ್ಡ್ ಥುರ್ನ್‌ವಾಲ್ಡ್ 1908–09ರಲ್ಲಿ ಒಮ್ಮೆ, 1930ರ ದಶಕದಲ್ಲಿ ಪತ್ನಿ ಹಿಲ್ಡೆ ಅವರೊಂದಿಗೆ ಇನ್ನೊಮ್ಮೆ ಅಧ್ಯಯನ ನಡೆಸಿದರು. ಅವರು ಕಂಡದ್ದು ಹುಟ್ಟಿನಿಂದ ಬರುವ ಎರಡು ದರ್ಜೆಗಳನ್ನು: ಒಡೆಯರು ಮತ್ತು ಅವರ ಆಳುಗಳು. ಕೆಲವು ಗಂಟೆ ನಡೆದರೆ ತಲುಪಬಹುದಾದ ದೂರದಲ್ಲಿ, ಹಂದಿ, ಚಿಪ್ಪಿನ ಹಣ, ಚಾವಡಿ, ನಗಾರಿ ಎಲ್ಲವೂ ಇರುವ ಕಡೆಯಲ್ಲೇ, ಸ್ಥಾನ ವಂಶಪಾರಂಪರ್ಯವಾಗಿತ್ತು. ಗಳಿಸಿದ ಸ್ಥಾನ ಮೆಲನೇಷ್ಯಾದ್ದು, ಪಡೆದ ಸ್ಥಾನ ಪಾಲಿನೇಷ್ಯಾದ್ದು ಎಂಬ ವಿಂಗಡಣೆ ಒಂದೇ ದ್ವೀಪದ ಒಂದೇ ಬಯಲಿನಲ್ಲೂ ನಿಲ್ಲುವುದಿಲ್ಲ. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಕಂಡ ಒಮರಕಾನಾದ ಮುಖ್ಯಸ್ಥ ತೊʼಉಲುವಾ ಕೂಡ ಹುಟ್ಟಿನಿಂದಲೇ ಮೇಲ್ದರ್ಜೆಯವನು. ಆದರೂ ಅವನ ಗೆಣಸಿನ ಕಣಜ ತುಂಬುತ್ತಿದ್ದದ್ದು ಅವನ ಹೆಂಡಿರ ತವರಿನವರು ಬೆಳೆದುಕೊಟ್ಟ ಗೆಣಸಿನಿಂದ. ವಂಶ ಏನೇ ಇರಲಿ, ಬೆಳೆದುಕೊಡುವವರ ಲೆಕ್ಕ ತಪ್ಪುವುದಿಲ್ಲ.

ಸಾಹ್ಲಿನ್ಸ್ ಅವರ ಮಾದರಿಗೆ ನನ್ನ ಮಟ್ಟಿಗೆ ಅತ್ಯಂತ ತೀಕ್ಷ್ಣವಾದ ಆಕ್ಷೇಪ ಬಂದದ್ದು ಎಪೆಲಿ ಹೌವೊಫಾ ಅವರಿಂದ. ಅವರು ಹುಟ್ಟಿದ್ದು ಸೋನಿಯ ಔತಣ ನಡೆದ 1939ರಲ್ಲೇ, ಪಾಪುವಾದಲ್ಲಿ ಕ್ರೈಸ್ತ ಧರ್ಮಪ್ರಚಾರಕರಾಗಿದ್ದ ಟೊಂಗಾ ದಂಪತಿಗಳಿಗೆ. ಮುಂದೆ ತಾವೇ ಮಾನವಶಾಸ್ತ್ರಜ್ಞರಾಗಿ, ಪಾಪುವಾದ ಮೆಕಿಯೊ ಜನರ ನಡುವೆ ಅಧ್ಯಯನ ಮಾಡಿ, 1975ರಲ್ಲಿ ಬರೆದ ಒಂದು ಲೇಖನದಲ್ಲಿ ತಮ್ಮ ಶಾಸ್ತ್ರವನ್ನೇ ಕಟಕಟೆಯಲ್ಲಿ ನಿಲ್ಲಿಸಿದರು. ಸಾಹ್ಲಿನ್ಸ್ ತಮ್ಮ ಪ್ರಬಂಧದಲ್ಲಿ ಮೆಲನೇಷ್ಯಾದ ನಾಯಕನನ್ನು ಪಾಶ್ಚಾತ್ಯ ಬಂಡವಾಳಗಾರ ಉದ್ಯಮಿಗೆ ಹೋಲಿಸಿ, ಪಾಲಿನೇಷ್ಯಾದ ಮುಖ್ಯಸ್ಥನಿಗೆ ರಾಜಗಾಂಭೀರ್ಯವನ್ನು ಕೊಟ್ಟಿದ್ದರು. ಇದು ಒಂದು ಜನಸಮೂಹದ ನಾಯಕರನ್ನೆಲ್ಲ ಲೆಕ್ಕಾಚಾರದ ಸ್ವಾರ್ಥಿಗಳಾಗಿ ಚಿತ್ರಿಸಿದ ಅವಮಾನ ಎಂದು ಹೌವೊಫಾ ವಾದಿಸಿದರು. ದಶಕಗಳ ಕಾಲ ಕ್ಷೇತ್ರಕಾರ್ಯ ಮಾಡಿದ ಬಳಿಕವೂ ಮಾನವಶಾಸ್ತ್ರದ ಪುಟಗಳಲ್ಲಿ ಈ ಜನ ಜಗಳವಾಡುತ್ತಾರೆ, ಪೈಪೋಟಿ ನಡೆಸುತ್ತಾರೆ, ವಧುದಕ್ಷಿಣೆ ಕೊಡುತ್ತಾರೆ, ಮಾಟ ಮಾಡಿಸುತ್ತಾರೆ. ಆದರೆ ಪ್ರೀತಿ, ದಯೆ, ಪರರ ಚಿಂತೆ ಎಂಬುವು ಅವರಿಗೆ ಇವೆಯೆಂಬ ಸುಳಿವೇ ಸಿಗುವುದಿಲ್ಲ ಎಂಬುದು ಅವರ ದೂರಾಗಿತ್ತು. ಟೊಂಗಾ ಪಾಲಿನೇಷ್ಯಾದ ರಾಜಪ್ರಭುತ್ವ. ಹೋಲಿಕೆಯಲ್ಲಿ ಗೌರವ ಪಡೆದ ಕಡೆಯವರೇ ಆಗಿದ್ದವರು ಇನ್ನೊಂದು ಕಡೆಯ ಪರವಾಗಿ ಹೀಗೆ ಬರೆದರು ಎಂಬುದನ್ನು ಗಮನಿಸಬೇಕು.

ಅವರ ಮೆಕಿಯೊ ಅಧ್ಯಯನವೂ ‘ದೊಡ್ಡ ಮನುಷ್ಯ’ನ ಅಚ್ಚಿಗೆ ಒಗ್ಗುವುದಿಲ್ಲ. ಅಲ್ಲಿ ನಾಯಕತ್ವ ವಂಶದ ಹಿರಿಯ ಶಾಖೆಯಲ್ಲಿ ಹರಿದುಬರುತ್ತದೆ. ಮುಖ್ಯಸ್ಥ ಸೌಮ್ಯನಾಗಿ, ಉದಾರಿಯಾಗಿ, ಕೈಗೆ ಹೊಲಸು ಹತ್ತದಂತೆ ಇರಬೇಕು; ಅವನ ಬೆನ್ನಿಗೆ ಒಬ್ಬ ಮಾಟಗಾರ ಇರುತ್ತಾನೆ. ಮುಖ್ಯಸ್ಥನ ಮಾತು ಮೀರಿದರೆ ಮಾಟ ತಟ್ಟೀತು ಎಂಬ ಅಂಜಿಕೆಯೇ ಅಲ್ಲಿನ ಕಾನೂನು. ಜನ ಇಬ್ಬರನ್ನೂ ಗೌರವಿಸುತ್ತಾರೆ, ಇಬ್ಬರ ಬಗೆಗೂ ಒಳಗೊಳಗೇ ಕುದಿಯುತ್ತಾರೆ. ಅಸಮಾನತೆಯನ್ನು ಒಪ್ಪಿಕೊಂಡೂ ಒಪ್ಪದ ಆ ಇಬ್ಬಂದಿಯನ್ನು ಹೌವೊಫಾ ಹಿಡಿದಿಟ್ಟಿರುವ ರೀತಿ ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ನಾಟುತ್ತದೆ.

ಫ್ರೆಂಚ್ ವಿದ್ವಾಂಸ ಮೋರಿಸ್ ಗೊದೆಲಿಯೆ 1967ರಿಂದ ನ್ಯೂಗಿನಿಯ ಮಲೆನಾಡಿನ ಬರುಯಾ ಜನರಲ್ಲಿ ಕೆಲಸ ಮಾಡಿ ಮೂರನೆಯ ಬಗೆಯೊಂದನ್ನು ತೋರಿಸಿದರು. ಬರುಯಾದಲ್ಲಿ ಮದುವೆ ಎಂದರೆ ಇಬ್ಬರು ಗಂಡಸರು ತಮ್ಮ ತಂಗಿಯರನ್ನು ಅದಲುಬದಲು ಮಾಡಿಕೊಳ್ಳುವುದು. ಹಂದಿ ಕೊಟ್ಟು ಹೆಣ್ಣು ತರುವಂತಿಲ್ಲ. ಹಂದಿಯಿಂದ ಹೆಂಡತಿ, ಹೆಂಡತಿಯಿಂದ ಇನ್ನಷ್ಟು ಹಂದಿ ಎಂಬ ಚಕ್ರವೇ ಇಲ್ಲದ ಮೇಲೆ ಸಂಪತ್ತಿನ ನಾಯಕ ಮೇಲೇಳಲಾರ. ಅಲ್ಲಿ ಹೆಸರುವಾಸಿಯಾದವರು ಮಹಾಯೋಧರು, ಮಾಂತ್ರಿಕ ವೈದ್ಯರು, ಹುಡುಗರ ದೀಕ್ಷಾವಿಧಿಯ ಪವಿತ್ರ ವಸ್ತುಗಳನ್ನು ಕಾಯುವ ಮನೆತನದವರು. ನಾಯಕತ್ವದ ಬೇರನ್ನು ವ್ಯಕ್ತಿಯ ಸ್ವಭಾವದಲ್ಲಿ ಹುಡುಕದೆ ಮದುವೆಯ ನಿಯಮದಲ್ಲಿ ಹುಡುಕಿದ ಈ ವಿವರಣೆ ನನಗೆ ಹೆಚ್ಚು ಗಟ್ಟಿ ಎನಿಸುತ್ತದೆ, ಅದರ ಹೊಸ ‘ಮಾದರಿ’ಯ ಉತ್ಸಾಹವನ್ನು ಬದಿಗಿಟ್ಟರೆ.

ಪಾಪುವಾ ನ್ಯೂಗಿನಿ 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾಯಿತು. ಹಿಂದೆ ಮಲೆನಾಡಿನ ವಿನಿಮಯದಲ್ಲಿ ಮೆರೆಯುತ್ತಿದ್ದ ಮುತ್ತಿನ ಚಿಪ್ಪಿನ ಹೆಸರೇ, ಅಂದರೆ ‘ಕಿನಾ’ ಎಂಬುದೇ, ಹೊಸ ದೇಶದ ನೋಟಿನ ಹೆಸರಾಯಿತು. ಅಂದಿನಿಂದ ಅಲ್ಲಿನ ಚುನಾವಣೆಯ ಬಗ್ಗೆ ಬರೆಯುವ ಪತ್ರಕರ್ತರೂ ಸಲಹೆಗಾರರೂ ‘ದೊಡ್ಡ ಮನುಷ್ಯರ ರಾಜಕಾರಣ’ ಎಂಬ ಪದಗುಚ್ಛವನ್ನು ಸಲೀಸಾಗಿ ಬಳಸುತ್ತಾರೆ. ಸಂಸದ ಹಂದಿ ಕಡಿಸಿ ಊಟ ಹಾಕಿಸಿದ, ಬಂಧುಬಳಗಕ್ಕೆ ಹಣ ಹಂಚಿದ. ಆದ್ದರಿಂದ ಇದು ಹಳೆಯ ಸಂಪ್ರದಾಯದ ಮುಂದುವರಿಕೆ ಎಂಬುದು ಅವರ ತರ್ಕ. ಈ ತರ್ಕವನ್ನು ನಾನು ಒಪ್ಪಲಾರೆ. 2013ರಿಂದ ಅಲ್ಲಿ ಪ್ರತಿ ಜಿಲ್ಲೆಗೆ ವರ್ಷಕ್ಕೆ 1 ಕೋಟಿ ಕಿನಾ ಅಭಿವೃದ್ಧಿ ನಿಧಿ ನಿಗದಿಯಾಯಿತು. ಅದರ ವಿನಿಯೋಗದಲ್ಲಿ ಸ್ಥಳೀಯ ಸಂಸದನದೇ ಮುಖ್ಯ ಮಾತು. ಆ ಹಣ ಬಂದದ್ದು ಮತದಾರರ ಕೆಸುವಿನ ತೋಟದಿಂದಲ್ಲ. ಗಣಿ, ಅನಿಲ, ತೆರಿಗೆ, ವಿದೇಶಿ ನೆರವುಗಳಿಂದ. ಹಂದಿ ಸಾಕುವವರು ಕೈಚೆಲ್ಲಿದರೆ ಸೋನಿಯ ಚಾವಡಿ ಬಿಕೋ ಎನ್ನುತ್ತಿತ್ತು. ಸಂಸದನ ನಿಧಿ ಯಾರು ಕೈಚೆಲ್ಲಿದರೂ ಮುಂದಿನ ವರ್ಷ ಬಂದೇ ಬರುತ್ತದೆ. ಔತಣದ ಹೊರರೂಪ ಒಂದೇ ಇರಬಹುದು. ಆದರೆ ಕೊಡುವವನನ್ನು ಹದ್ದಿನಲ್ಲಿಟ್ಟಿದ್ದ ಹಗ್ಗ ಕಡಿದುಹೋಗಿದೆ. ಆಧುನಿಕ ರಾಜ್ಯದ ಹಣಕಾಸು ವ್ಯವಸ್ಥೆಯ ದೋಷವನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ಸುಲಭ ಮಾತ್ರವಲ್ಲ, ಅನುಕೂಲಕರವೂ ಹೌದು.

ಬೂಗನ್‌ವಿಲ್‌ನ ಮುಂದಿನ ಕಥೆಯಲ್ಲಿ ಈ ಮಾತಿಗೆ ಕಹಿಯಾದ ಪುರಾವೆ ಸಿಗುತ್ತದೆ. ದ್ವೀಪದ ನಡುವಿನ ಪಂಗುನಾದಲ್ಲಿ ತಾಮ್ರದ ಭಾರಿ ಗಣಿಯೊಂದು 1972ರಲ್ಲಿ ಉತ್ಪಾದನೆ ಆರಂಭಿಸಿತು. ಅದಕ್ಕೂ ಮುನ್ನ, 1969ರಲ್ಲಿ, ಕರಾವಳಿಯ ರೊರೊವಾನಾದಲ್ಲಿ ಹೆಂಗಸರು ಭೂಮಾಪನದ ಗೂಟಗಳನ್ನು ತಬ್ಬಿ ಹಿಡಿದು ಪೊಲೀಸರನ್ನು ಎದುರಿಸಿದ್ದರು. ದ್ವೀಪದ ಹೆಚ್ಚಿನ ಭಾಗದಲ್ಲಿ ಭೂಮಿ ತಾಯಿಯ ಕುಲದ್ದು. ಸಿವಾಯಿಯ ನೆರೆಯ ನಾಗೊವಿಸಿ ಜನರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಜಿಲ್ ನ್ಯಾಶ್, ಭೂಮಿ ಮತ್ತು ಚಿಪ್ಪಿನ ಸಂಪತ್ತಿನ ಮೇಲೆ ಅಲ್ಲಿನ ಹೆಂಗಸರಿಗಿದ್ದ ಅಧಿಕಾರವನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಆದರೂ ಗಣಿಯ ಬಾಡಿಗೆ ಮತ್ತು ಪರಿಹಾರದ ಹಣ ಬಹುಪಾಲು ಗಂಡಸರ ಹೆಸರಿಗೆ ದಾಖಲಾಗಿ ಅವರ ಕೈ ಸೇರಿತು. ಗಣಿ ಕಂಪನಿಗೆ ಆ ದ್ವೀಪದ ಜನರ ಬಗ್ಗೆ ಸಲಹೆ ಕೊಟ್ಟವರಲ್ಲಿ ಒಬ್ಬರು, ಆ ಹೊತ್ತಿಗೆ ಹಿರಿಯ ಪ್ರಾಧ್ಯಾಪಕರಾಗಿದ್ದ ಡಗ್ಲಸ್ ಆಲಿವರ್. ಅವರ ಗ್ರಂಥದ ಮೇಲಿನ ನನ್ನ ಗೌರವ ಇದರಿಂದ ಕುಗ್ಗಿಲ್ಲ. ಆದರೆ ಅದನ್ನು ತೆರೆದಾಗಲೆಲ್ಲ ಈ ಸಂಗತಿ ಪುಟಗಳ ನಡುವೆ ಇಣುಕುತ್ತದೆ.

ಹಣ ಹಂಚಿಕೆಯಾಗದೆ ಕೆಲವರಲ್ಲೇ ಉಳಿಯಿತೆಂದು ಕೆರಳಿದ ಹೊಸ ತಲೆಮಾರು 1987ರಲ್ಲಿ ಭೂಮಾಲೀಕರ ಹೊಸ ಸಂಘವನ್ನು ಕಟ್ಟಿತು. ಅದರ ಅಧ್ಯಕ್ಷೆ ಪರ್ಪೆಟುವಾ ಸೆರೆರೊ, ಕಾರ್ಯದರ್ಶಿ ಫ್ರಾನ್ಸಿಸ್ ಓನಾ. ಓನಾ 1988ರಲ್ಲಿ ಕಾಡು ಸೇರಿ ಗಣಿಯ ವಿದ್ಯುತ್ ಗೋಪುರಗಳನ್ನು ಸ್ಫೋಟಿಸುವ ದಾರಿ ಹಿಡಿದರು. 1989ರಲ್ಲಿ ಗಣಿ ಮುಚ್ಚಿತು. ಸುಮಾರು ಒಂದು ದಶಕದ ಅಂತರ್ಯುದ್ಧ ದ್ವೀಪವನ್ನು ಸೀಳಿತು. ಶಾಂತಿಗಾಗಿ ಎದುರಾಳಿ ಪಾಳೆಯಗಳ ನಡುವೆ ಓಡಾಡಿದವರಲ್ಲಿ ಹಳ್ಳಿಗಳ ತಾಯಂದಿರ ಪಾತ್ರ ಹಿರಿದು. 2001ರ ಆಗಸ್ಟ್ 30ರಂದು ಶಾಂತಿ ಒಪ್ಪಂದವಾಯಿತು, 2005ರಲ್ಲಿ ಸ್ವಾಯತ್ತ ಸರಕಾರ ರಚನೆಯಾಯಿತು, 2019ರ ಜನಮತಗಣನೆಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ಪರ ಬಿದ್ದವು. ಸ್ವಾಯತ್ತ ಶಾಸನಸಭೆಯಲ್ಲಿ ಮೂರು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹಳ್ಳಿಮಟ್ಟದ ಸಮುದಾಯ ಸರಕಾರಗಳಿಗೆ 2017ರಲ್ಲಿ ನಡೆದ ಚುನಾವಣೆಯಿಂದ ಪ್ರತಿ ವಾರ್ಡಿನಿಂದ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಆಯ್ಕೆಯಾಗುವ ಪದ್ಧತಿ ಬಂದಿದೆ. ಭೂಮಿ, ಗಣಿಯ ಭವಿಷ್ಯ ಮತ್ತು ಹಣದ ಹಂಚಿಕೆಯ ಪ್ರಶ್ನೆಗಳು ಈಗ ಹಳ್ಳಿಯ ಮಟ್ಟದಲ್ಲಿ ಆ ಇಬ್ಬರ ಮುಂದೆಯೇ ಬರುತ್ತವೆ. ಬೂಗನ್‌ವಿಲ್‌ನ ನಾಯಕತ್ವವನ್ನು ಇನ್ನು ಅಧ್ಯಯನ ಮಾಡಲು ಹೊರಡುವವರು ಮೊದಲು ಹೋಗಿ ಕುಳಿತುಕೊಳ್ಳಬೇಕಾದದ್ದು ಆ ಸಭೆಗಳಲ್ಲಿ.